ಕೊಡುಗೆಯನ್ನು ಮನೆ ಮುಟ್ಟಿಸಿದವರು

ಕನ್ನಡ ನಾಡಿನ ಊರಂಚುಗಳಲ್ಲಿ, ಕೆರೆಯ ಏರಿಗಳ ಮೇಲೆ, ಹಳೆಯ ದೇವಾಲಯಗಳ ಪ್ರಾಕಾರಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡುವವನ ದೃಷ್ಟಿಯು ಸಹಜವಾಗಿಯೇ ಕೆಳಗಿನ ಪಟ್ಟಿಕೆಯ ಯುದ್ಧದಿಂದ ನಡುವಣ ಪಟ್ಟಿಕೆಯ ಅಪ್ಸರೆಯರಿಗೂ, ಅಲ್ಲಿಂದ ವೀರನು ಲಿಂಗಸನ್ನಿಧಿಯಲ್ಲಿ ಕೈಮುಗಿದು ಕುಳಿತಿರುವ ಮೇಲಣ ಪಟ್ಟಿಕೆಗೂ ಏರಿಹೋಗುತ್ತದೆ. ಮಡಿದವನು ಸ್ವರ್ಗವನ್ನು ಸೇರಿದನೆಂಬ ಸಮಾಧಾನದೊಡನೆ ಅವನು ಮುಂದೆ ನಡೆಯುತ್ತಾನೆ. ಆದರೆ ಕಲ್ಲಿನ ಅಕ್ಷರಗಳನ್ನು ತಾಳ್ಮೆಯಿಂದ ಓದುವವನಿಗೆ, ಅನೇಕ ಶಾಸನಗಳಲ್ಲಿ, ಸ್ವರ್ಗಾರೋಹಣವು ಮುಗಿದ ಬಳಿಕವೂ ಕೆಲವು ಪಂಕ್ತಿಗಳು ಉಳಿದಿರುವುದು ಕಂಡುಬರುತ್ತದೆ. ಅವು ಸ್ವರ್ಗಕ್ಕೆ ಸೇರಿದವಲ್ಲ, ನೆಲಕ್ಕೆ ಸೇರಿದವು: ಇಂಥ ಕೆರೆಯ ಕೆಳಗೆ ಇಷ್ಟು ಗದ್ದೆ, ಇಂಥ ಊರಿನಲ್ಲಿ ಇಷ್ಟು ಬೆದ್ದಲು, ಅದು ಇಂಥವನಿಗೆ. ನೆತ್ತರುಗೊಡಗೆಯೆಂದೂ ಕಲ್ನಾಡೆಂದೂ ಶಾಸನಗಳು ಕರೆಯುವ ಈ ದತ್ತಿಗಳು, ಹೋರಾಡಿ ಸತ್ತವನ ಮನೆಯಲ್ಲಿ ಒಲೆ ಆರಬಾರದೆಂಬ ಉದ್ದೇಶದಿಂದ ಅರಸರೂ ಊರಿನವರೂ ಬಿಟ್ಟುಕೊಟ್ಟವು. ಯೋಧನ ಕುಟುಂಬವನ್ನು ಪೊರೆಯುವ ಧರ್ಮಕ್ಕೆ ನಮ್ಮಲ್ಲಿ ಸಾವಿರ ವರ್ಷಗಳಿಗೆ ಮೀರಿದ ಲಿಖಿತ ಪ್ರಮಾಣವಿದೆ ಎಂಬುದನ್ನು ಹೇಳುವುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗಿಲ್ಲ.

ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಇಂದು ಇರುವ ಬೇಗೂರಿನ ಕಲ್ಲು ಇಂಥವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಗಂಗರ ಎರೆಯಪ್ಪನು ನೊಳಂಬರ ಅಯ್ಯಪದೇವನ ಸಹಾಯಕ್ಕಾಗಿ ನಾಗತ್ತರನನ್ನು ಸೇನೆಯೊಡನೆ ಕಳುಹಿಸಿದನೆಂದೂ, ವೀರಮಹೇಂದ್ರನೊಡನೆ ತುಂಬೆಪಾಡಿಯಲ್ಲಿ ನಡೆದ ಕಾಳಗದಲ್ಲಿ ಆನೆಗಳ ನಡುವೆ ಕಾದಿ ನಾಗತ್ತರನು ಮಡಿದನೆಂದೂ, ಆ ವಾರ್ತೆಯನ್ನು ಕೇಳಿದ ಅರಸನು ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡು ಹಳ್ಳಿಗಳನ್ನು ಕಲ್ನಾಡಾಗಿ ಕೊಟ್ಟನೆಂದೂ ಅದು ತಿಳಿಸುತ್ತದೆ. ಹಳ್ಳಿಗಳ ಹೆಸರುಗಳನ್ನು ಒಂದೊಂದಾಗಿ ಕೆತ್ತಿದ ಆ ಪಟ್ಟಿಯನ್ನು ನೋಡಿದಾಗ, ಕಲ್ಲುಕುಟಿಗನ ಉಳಿಗೆ ಯುದ್ಧದ ಆನೆಗಳನ್ನು ಬಿಡಿಸುವುದೆಷ್ಟು ಮುಖ್ಯವಾಗಿತ್ತೋ ಈ ಹೆಸರುಗಳನ್ನು ತಪ್ಪಿಲ್ಲದೆ ಕೆತ್ತುವುದೂ ಅಷ್ಟೇ ಮುಖ್ಯವಾಗಿತ್ತೆಂದು ಅನ್ನಿಸದಿರದು. ಏಕೆಂದರೆ ಮುಂದೆ ವ್ಯಾಜ್ಯ ಹುಟ್ಟುವುದು ಆನೆಗಳ ವಿಷಯದಲ್ಲಿ ಅಲ್ಲ.

ಇನ್ನೊಂದು ಕಲ್ಲು, ಮದ್ದೂರು ತಾಲ್ಲೂಕಿನ ಆತಕೂರಿನದು, ನನ್ನ ಮಟ್ಟಿಗೆ ಇದಕ್ಕಿಂತಲೂ ಅರ್ಥಪೂರ್ಣವಾದುದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಕಾದಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನು, ತನ್ನ ಭಟನಾದ ಮಣಲೇರನ ಶೌರ್ಯವನ್ನು ಮೆಚ್ಚಿ ಆತಕೂರು ಹನ್ನೆರಡನ್ನು ಬಾಳ್ಗಚ್ಚೆಂಬ ವೀರದತ್ತಿಯಾಗಿ ಕೊಟ್ಟ ಸಂಗತಿಯನ್ನು ಹೇಳುವ ಈ ಶಾಸನವು ಕ್ರಿ.ಶ. 949-50ರ ಕಾಲದ್ದು. ಮಣಲೇರನು ಬೇಡಿ ಪಡೆದ ಕಾಳಿಯೆಂಬ ಬೇಟೆನಾಯಿಯು ಹಂದಿಯೊಡನೆ ಹೋರಾಡಿ ಸತ್ತದ್ದೂ, ಅದರ ನೆನಪಿಗಾಗಿ ಚೆಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಹಿರಿಯ ಕೆರೆಯ ಕೆಳಗೆ ಮಣ್ಣು ಬಿಟ್ಟದ್ದೂ ಎಲ್ಲರಿಗೂ ಗೊತ್ತಿರುವ ಕಥೆ. ಕಥೆಯಷ್ಟು ಪ್ರಸಿದ್ಧವಾಗದಿರುವುದು ಶಾಸನದ ಕೊನೆಯ ಒಂದು ಕಟ್ಟಳೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು, ಎಂದರೆ ಶೈವ ಅರ್ಚಕನು, ಕಲ್ಲನ್ನು ಪೂಜಿಸದೆ ಉಂಡರೆ ಪಾಪಭಾಗಿಯಾಗುತ್ತಾನೆಂದು ಅದು ವಿಧಿಸುತ್ತದೆ. ದಾನಶಾಸನಗಳ ಕಡೆಯಲ್ಲಿ ಶಾಪವಚನಗಳು ಬರುವುದು ವಾಡಿಕೆ. ಆದರೆ ಅವು ಸಾಮಾನ್ಯವಾಗಿ ದತ್ತಿಯನ್ನು ಕಿತ್ತುಕೊಳ್ಳುವವನಿಗೆ ತಗಲುವಂಥವು. ಇಲ್ಲಿ ಶಾಪವು ಉದಾಸೀನನಾದ ಪಾಲಕನಿಗೂ ತಗಲುತ್ತದೆ. ಕೊಟ್ಟವನ ಔದಾರ್ಯವು ಎಷ್ಟೇ ದೊಡ್ಡದಾಗಿರಲಿ, ದಿನದಿನವೂ ಅದನ್ನು ನಡೆಸಿಕೊಂಡು ಹೋಗುವ ಒಬ್ಬ ಮನುಷ್ಯನ ಮೇಲೆ ಎಲ್ಲವೂ ನಿಂತಿದೆಯೆಂಬ ಅರಿವು ಆ ಕಲ್ಲನ್ನು ಬರೆಸಿದವರಿಗೆ ಇತ್ತು. ಯೋಧರ ಮತ್ತು ಅವರ ಮನೆಯವರ ಪೋಷಣೆಯ ಇತಿಹಾಸವನ್ನು ಬರೆಯುವವರು ದಾನಿಗಳನ್ನೂ ಕಾನೂನುಗಳನ್ನೂ ಎಣಿಸಿ ತೃಪ್ತರಾಗುವುದುಂಟು. ದತ್ತಿಯನ್ನು ಮನೆಯವರೆಗೆ ಮುಟ್ಟಿಸಿದ ಈ ಗೊರವನಂಥವರ ಇತಿಹಾಸವೇ ಅದರ ನಿಜವಾದ ಇತಿಹಾಸವೆಂಬುದು ಈ ಲೇಖನದಲ್ಲಿ ನಾನು ಹೇಳಬಯಸುವ ಮಾತು.

ಪ್ರಾಚೀನ ವ್ಯವಸ್ಥೆಯನ್ನು ಹೊಗಳುವ ಭರದಲ್ಲಿ ಒಂದು ವಿಷಯವನ್ನು ಮರೆಯಬಾರದು. ಆ ದತ್ತಿಗಳು ಹೆಚ್ಚಾಗಿ ಮಗನಿಗೆ, ಮಗನಿಲ್ಲದಲ್ಲಿ ತಮ್ಮನಿಗೆ, ಒಟ್ಟಿನಲ್ಲಿ ವಂಶಕ್ಕೆ ಸಲ್ಲುತ್ತಿದ್ದವು. ವೀರನ ಹೆಂಡತಿಯನ್ನು ಕುರಿತು ಕಲ್ಲು ಮಾತನಾಡುವಾಗ ಬಹಳ ವೇಳೆ ಆ ಕಲ್ಲು ಸಹಗಮನ ಮಾಡಿದವಳ ನೆನಪಿನ ಮಾಸ್ತಿಗಲ್ಲಾಗಿರುತ್ತದೆ. ವೀರಗಲ್ಲಿನ ಪಕ್ಕದಲ್ಲಿಯೇ ಬಳೆ ತೊಟ್ಟ ತೋಳೊಂದು ಎತ್ತಿ ನಿಂತಿರುವ ಕಲ್ಲನ್ನು ಕಂಡಾಗ, ಬದುಕಿ ಉಳಿದ ಸ್ತ್ರೀಗೆ ಏನು ಕೊಟ್ಟರೆಂಬ ಪ್ರಶ್ನೆಗೆ ಅಂದಿನ ಸಮಾಜದಲ್ಲಿ ಉತ್ತರವು ಎಷ್ಟು ದುರ್ಬಲವಾಗಿತ್ತೆಂಬುದು ಮನಸ್ಸನ್ನು ಕಲಕುತ್ತದೆ. ಈ ಪ್ರಶ್ನೆಯು ಮುಂದೆಯೂ, ನಮ್ಮ ಕಾಲದವರೆಗೂ, ಬೇರೆ ಬೇರೆ ವೇಷಗಳಲ್ಲಿ ತಲೆಯೆತ್ತುವುದನ್ನು ಕಾಣಲಿದ್ದೇವೆ.

ಊರಿನ ಕಾಳಗಕ್ಕೂ ಸಾಮ್ರಾಜ್ಯದ ಯುದ್ಧಕ್ಕೂ ಇರುವ ಭೇದವು ದೂರದ ಭೇದ. ತುರುಗಳನ್ನು ಬಿಡಿಸಲು ಹೋಗಿ ಊರ ಗಡಿಯಲ್ಲಿ ಬಿದ್ದವನ ಸಾವನ್ನು ಗಾವುಂಡನೇ ಕಂಡಿರುತ್ತಿದ್ದನು, ಸೇನಬೋವನು ಬರೆಯುತ್ತಿದ್ದನು, ಊರೇ ಸಾಕ್ಷಿಯಾಗಿರುತ್ತಿತ್ತು. ಸಂಬಳದ ಸಿಪಾಯಿಯ ಕಾಲವು ಬಂದಮೇಲೆ ಸಾವು ಒಂದು ದೇಶದಲ್ಲಿ, ಲೆಕ್ಕ ಇನ್ನೊಂದು ನಗರದಲ್ಲಿ, ಮನೆ ಮತ್ತೊಂದು ಹಳ್ಳಿಯಲ್ಲಿ ಎಂಬ ಸ್ಥಿತಿಯುಂಟಾಯಿತು. ಯೂರೋಪಿನ ರಾಜರು ಪ್ಯಾರಿಸಿನ ಅಂವಲೀಡ್, ಲಂಡನ್ನಿನ ಚೆಲ್ಸಿ ಮೊದಲಾದ ವೃದ್ಧಸೈನಿಕರ ಆಶ್ರಯಗಳನ್ನು ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿಸಿದ್ದು ಈ ದೂರವನ್ನು ತಮ್ಮ ರೀತಿಯಲ್ಲಿ ನೀಗಿಸುವುದಕ್ಕಾಗಿ. ಭಾರತದಲ್ಲಿ ಕಂಪನಿಯ ಆಡಳಿತವು, ಮೀರ್ ಜಾಫರನು ಬಿಟ್ಟುಹೋದ ಹಣದಿಂದ ಕ್ಲೈವನು 1770ರಲ್ಲಿ ಆರಂಭಿಸಿದ ನಿಧಿಯಿಂದ ಮೊದಲ್ಗೊಂಡು, ಅಂಗವಿಕಲರಿಗೆ ಮತ್ತು ವಿಧವೆಯರಿಗೆ ಹಣ ಕೊಡುವ ಪದ್ಧತಿಗಳನ್ನು ಬೆಳೆಸಿತು. ಅದರಲ್ಲಿ ಬಿಳಿಯ ಸೈನಿಕನಿಗೆ ದೊರೆತ ಮನ್ನಣೆಯು ದೇಶೀಯ ಸಿಪಾಯಿಗೆ ದೊರೆಯಲಿಲ್ಲ. ಅದೇ ಆಡಳಿತವು ಧಾರವಾಡ ಬೆಳಗಾವಿಗಳ ಪ್ರದೇಶದಲ್ಲಿ ಇನಾಂ ಕಮಿಷನ್ನಿನ ಮೂಲಕ ಹಳೆಯ ಮಾನ್ಯಗಳನ್ನು ಶೋಧಿಸಿ, ಕಾಗದ ತೋರಿಸಲಾರದವರ ಹಕ್ಕನ್ನು ಕಡಿದುಹಾಕಿತು. ಕಾಗದವಿದ್ದವನಿಗೆ ಹಕ್ಕುಂಟು, ಇಲ್ಲದವನಿಗಿಲ್ಲ ಎಂಬ ಹೊಸ ನ್ಯಾಯವು ಅಂದು ನೆಲೆಗೊಂಡಿತು. ಅಂದಿನಿಂದ ಯೋಧನ ಮನೆಯವರಿಗೆ ಬೇಕಾದವನು, ಕಾಗದವನ್ನು ಓದಬಲ್ಲ ಆಪ್ತನು.

ಅಂಥ ಆಪ್ತನ ಅಗತ್ಯವನ್ನು ಸರಕಾರವು ಒಪ್ಪಿಕೊಳ್ಳಬೇಕಾದರೆ ಒಂದು ಮಹಾಯುದ್ಧವೇ ನಡೆಯಬೇಕಾಯಿತು. 1914ರಿಂದ 1918ರವರೆಗೆ ಸುಮಾರು 13 ಲಕ್ಷ ಭಾರತೀಯರು ಸಮುದ್ರದಾಚೆಗೆ ಹೋದರು. ಅವರಲ್ಲಿ ಸುಮಾರು 74,000 ಜನರು ಹಿಂದಿರುಗಲಿಲ್ಲ. ನಮ್ಮ ಮೈಸೂರು ಲ್ಯಾನ್ಸರ್ಸ್ ದಳದವರು, ಜೋಧಪುರ ಹೈದರಾಬಾದು ಸಂಸ್ಥಾನಗಳ ಕುದುರೆಸವಾರರೊಡನೆ ಒಂದೇ ಬ್ರಿಗೇಡಿನಲ್ಲಿ ಸೇರಿ, ಸುಯೆಜ್ ಕಾಲುವೆಯ ರಕ್ಷಣೆಯಿಂದ ಹಿಡಿದು 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ವಶಪಡಿಸಿಕೊಂಡ ಕಾಳಗದವರೆಗೆ ಸೇವೆ ಸಲ್ಲಿಸಿದರು. ಪ್ಯಾಲೆಸ್ಟೈನಿನಲ್ಲಿ ಬಿದ್ದ ಸವಾರನ ಸುದ್ದಿಯು ಮೈಸೂರು ಸೀಮೆಯ ಹಳ್ಳಿಯೊಂದಕ್ಕೆ ತಲುಪಿ, ಆ ಸುದ್ದಿಯ ಹಿಂದೆ ಬರಬೇಕಾದ ಹಣವೂ ತಲುಪಿ, ಆ ಹಣವು ಸಲ್ಲಬೇಕಾದ ಕೈಗೇ ಸಲ್ಲಬೇಕಾದರೆ ಎಷ್ಟು ಜನರ ನಿಷ್ಠೆ ಬೇಕೆಂಬುದನ್ನು ಓದುಗರೇ ಊಹಿಸಬಹುದು.

ಭಾರತ ಸರಕಾರವು 1919ರಲ್ಲಿ ಇಂಡಿಯನ್ ಸೋಲ್ಜರ್ಸ್ ಬೋರ್ಡ್ ಎಂಬ ಮಂಡಲಿಯನ್ನು ರಚಿಸಿತು. ಸೇವೆಯಲ್ಲಿರುವ, ಬಿಡುಗಡೆ ಹೊಂದಿದ ಮತ್ತು ಮಡಿದ ಸೈನಿಕರ ಹಾಗೂ ಅವರ ಕುಟುಂಬಗಳ ಹಿತವನ್ನು ಕುರಿತು ಸರಕಾರಕ್ಕೆ ಸಲಹೆ ಕೊಡುವುದು ಅದರ ಕಾರ್ಯ. ಪ್ರಾಂತಗಳಲ್ಲಿಯೂ ಜಿಲ್ಲೆಗಳಲ್ಲಿಯೂ ಇದರ ಶಾಖೆಗಳು ಬೆಳೆದವು. ಇವೇ ಇಂದಿನ ಜಿಲ್ಲಾ ಸೈನಿಕ ಮಂಡಲಿಗಳ ಪೂರ್ವರೂಪ. ಈ ಮಂಡಲಿಗಳ ಹುಟ್ಟಿನಲ್ಲಿ ಆಳುವವರ ಸ್ವಾರ್ಥವು ಇರಲಿಲ್ಲವೆಂದು ಹೇಳಲಾಗದು: ಹಿಂದಿರುಗಿದವನು ಹಳ್ಳಿಯ ಕಟ್ಟೆಯ ಮೇಲೆ ಕುಳಿತು ಅಸಮಾಧಾನವನ್ನು ಹೇಳಿದರೆ ನಾಳೆ ಸೇನೆಗೆ ಯಾರು ಸೇರುತ್ತಾರೆಂಬ ಚಿಂತೆಯು ಅವರಿಗೆ ಇದ್ದೇ ಇತ್ತು. ಆದರೂ ಒಂದು ಸಂಸ್ಥೆಯು ಯಾವ ಉದ್ದೇಶದಿಂದ ಹುಟ್ಟಿತೆಂಬುದಕ್ಕಿಂತ ಯಾರ ಕೈಯಲ್ಲಿ ಬೆಳೆಯಿತೆಂಬುದು ಮುಖ್ಯ. ಕಲೆಕ್ಟರನು ಅಧ್ಯಕ್ಷನಾದರೂ ಕೆಲಸವನ್ನು ಹೊತ್ತವರು ನಿವೃತ್ತ ಸುಬೇದಾರರು, ಜಮಾದಾರರು. ತಾವೇ ಆ ಯುದ್ಧಗಳನ್ನು ಕಂಡು ಬಂದವರು, ಪಲ್ಟಣದ ಭಾಷೆಯೂ ಹಳ್ಳಿಯ ಭಾಷೆಯೂ ಎರಡೂ ಬಲ್ಲವರು. ಮಂಡಲಿಯ ಸ್ಥಾಪನೆಗೆ ಎರಡು ವರ್ಷ ಮೊದಲೇ, 1917ರಲ್ಲಿ, ಅಲ್ಲಿನ ಗವರ್ನರರ ಪತ್ನಿ ಲೇಡಿ ವಿಲಿಂಗ್ಡನ್ನರ ಆಸಕ್ತಿಯಿಂದ ಮುಂಬಯಿಯಲ್ಲಿ ಅಂಗವಿಕಲ ಸೈನಿಕರಿಗಾಗಿ ಒಂದು ಕಸಬಿನ ಶಾಲೆಯು ಆರಂಭವಾಗಿ, ಅನಂತರ ಪುಣೆಯ ಖಡಕಿಗೆ ಸ್ಥಳಾಂತರಗೊಂಡು, ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆಯೆಂಬ ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆ. ಕೈಯೋ ಕಾಲೋ ಕಳೆದುಕೊಂಡವನಿಗೆ ಭಿಕ್ಷೆಯಲ್ಲ, ಕಸಬು ಬೇಕೆಂಬ ಭಾವನೆಯು ನಮ್ಮ ದೇಶದಲ್ಲಿ ಸಂಸ್ಥಾರೂಪವನ್ನು ತಾಳಿದ ಮೊದಲ ಉದಾಹರಣೆಗಳಲ್ಲಿ ಇದೊಂದು.

ಎರಡನೆಯ ಮಹಾಯುದ್ಧವು ಎಲ್ಲ ಪ್ರಮಾಣಗಳನ್ನೂ ಮೀರಿತು. 25 ಲಕ್ಷಕ್ಕೆ ಏರಿದ ಸೇನೆಯನ್ನು ಯುದ್ಧಾನಂತರ ಕರಗಿಸಿ ಮನೆಗೆ ಕಳುಹಿಸಬೇಕಾಗಿದ್ದಿತು. ಈ ಸೈನಿಕರಿಗೆ ಕೆಲಸವನ್ನು ಹುಡುಕಿಕೊಡುವುದಕ್ಕಾಗಿಯೇ 1945ರಲ್ಲಿ ಪುನರ್ವಸತಿ ಮತ್ತು ಉದ್ಯೋಗದ ಮಹಾನಿರ್ದೇಶನಾಲಯವು ಸ್ಥಾಪಿತವಾಯಿತು. ಮುಂದೆ ನಮ್ಮ ಪ್ರತಿಯೊಬ್ಬ ವಿದ್ಯಾವಂತ ಯುವಕನೂ ಹೆಸರು ನೋಂದಾಯಿಸಿ ಕಾದು ಕುಳಿತ ಉದ್ಯೋಗ ವಿನಿಮಯ ಕಚೇರಿಯು ಮೊದಲು ಹುಟ್ಟಿದ್ದು ರೈಫಲನ್ನು ಒಪ್ಪಿಸಿ ಬಂದ ಸಿಪಾಯಿಗಾಗಿ ಎಂಬುದನ್ನು ಬಹುಮಂದಿ ಅರಿಯರು. ಇದಲ್ಲದೆ ಯುದ್ಧಕಾಲದಲ್ಲಿ ಪ್ರತಿಯೊಬ್ಬ ಯೋಧನ ಹೆಸರಿನಲ್ಲಿ ತಿಂಗಳಿಗೆ 2 ರೂಪಾಯಿಯಂತೆ ಸರಕಾರವು ಎತ್ತಿಟ್ಟ ಯುದ್ಧೋತ್ತರ ಪುನರ್ನಿರ್ಮಾಣ ನಿಧಿಯೊಂದಿತ್ತು; ಅದು ಒಬ್ಬೊಬ್ಬರಿಗೆ ಹಂಚುವುದಕ್ಕಲ್ಲ, ಎಲ್ಲರಿಗೂ ಸಮಾನವಾಗಿ ಒದಗುವ ಸೌಕರ್ಯಗಳಿಗೆ. ಆದರೆ ಅತಿ ದೊಡ್ಡ ಅನ್ಯಾಯವು ಇಲ್ಲಿಯೇ ಅಡಗಿತ್ತು. ಯುದ್ಧದ ತುರ್ತಿನಲ್ಲಿ ಸೇರಿ, ನಾಲ್ಕಾರು ವರ್ಷ ಬರ್ಮಾದ ಕಾಡಿನಲ್ಲಿಯೋ ಇಟಲಿಯ ಬೆಟ್ಟಗಳಲ್ಲಿಯೋ ಸೇವೆ ಸಲ್ಲಿಸಿ ಬಿಡುಗಡೆಯಾದವನಿಗೆ ಪಿಂಚಣಿಗೆ ಬೇಕಾದ ವರ್ಷಗಳು ತುಂಬಿರಲಿಲ್ಲ. ಪದಕವಿತ್ತು, ತಿಂಗಳ ಹಣವಿರಲಿಲ್ಲ. ಆತನು ಮುದುಕನಾಗಿ, ದುಡಿಯಲಾರದವನಾಗಿ, ಹಳದಿಗಟ್ಟಿದ ಡಿಸ್ಚಾರ್ಜ್ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ನಿಂತದ್ದು ಜಿಲ್ಲಾ ಮಂಡಲಿಯ ಬಾಗಿಲಲ್ಲಿ. ಪಿಂಚಣಿಯಿಲ್ಲದ ಇಂಥ ವೃದ್ಧರಿಗೂ ಅವರ ವಿಧವೆಯರಿಗೂ ರಾಜ್ಯಗಳು ಕ್ರಮೇಣ ಮಾಸಿಕ ಸಹಾಯವನ್ನು ಮಂಜೂರು ಮಾಡಿದುದರ ಹಿಂದೆ ಮಂಡಲಿಗಳ ನೌಕರರು ಪದೇ ಪದೇ ಬರೆದ ಪತ್ರಗಳ ಬಲವಿದೆ ಎಂದು ನಾನು ನಂಬುತ್ತೇನೆ.

ಸ್ವಾತಂತ್ರ್ಯಾನಂತರದ ಕಥೆಯಲ್ಲಿ ಕೊಡಗಿನ ಕಾರ್ಯಪ್ಪನವರ ಹೆಸರು ಬಾರದಿರದು. ಮಂಡಲಿಯು ಸ್ಥಾಪಿತವಾದ 1919ರಲ್ಲಿಯೇ ಅವರು ಅಧಿಕಾರಿಯಾಗಿ ಸೇನೆಯನ್ನು ಸೇರಿದರು. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದರು. ಅದೇ 1949ರಿಂದ ಡಿಸೆಂಬರ್ 7ನೆಯ ದಿನವನ್ನು ಧ್ವಜದಿನವೆಂದು ಆಚರಿಸಿ, ಪುಟ್ಟ ಧ್ವಜಗಳನ್ನು ಹಂಚಿ ಜನರಿಂದ ಕಾಣಿಕೆ ಸಂಗ್ರಹಿಸುವ ಪದ್ಧತಿಯು ಬಂದಿತು. ನಿವೃತ್ತರಾದ ಮೇಲೆ ಕಾರ್ಯಪ್ಪನವರು ಸುಮ್ಮನಿರಲಿಲ್ಲ. ಮಾಜಿ ಸೈನಿಕರೇ ತಮ್ಮ ಬಂಧುಗಳಿಗಾಗಿ ನಿಲ್ಲಬೇಕೆಂಬ ನಿಶ್ಚಯದಿಂದ 1964ರಲ್ಲಿ ಮಾಜಿ ಸೈನಿಕರ ಅಖಿಲ ಭಾರತ ಸಂಘದ ಸ್ಥಾಪನೆಗೆ ಕಾರಣರಾದರು. 1965ರ ಯುದ್ಧದಲ್ಲಿ ವಾಯುಪಡೆಯಲ್ಲಿದ್ದ ಅವರ ಮಗನು ಪಾಕಿಸ್ತಾನದ ಸೆರೆಯಾದಾಗ, ತಮ್ಮ ಹಳೆಯ ಪರಿಚಯದ ಸಲುವಾಗಿ ಆ ಕಡೆಯಿಂದ ಬಂದ ವಿಶೇಷ ಸೌಲಭ್ಯದ ಮಾತನ್ನು ಅವರು ನಿರಾಕರಿಸಿದುದೂ, ಸೆರೆಯಲ್ಲಿರುವವರೆಲ್ಲರೂ ತನಗೆ ಮಕ್ಕಳೇ ಎಂದುದೂ ಪ್ರಸಿದ್ಧವಾಗಿದೆ. ಬೆಂಗಳೂರಿನಲ್ಲಿ ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಟ್ಟಡವು ಅವರ ಹೆಸರನ್ನು ಹೊತ್ತಿರುವುದು ಉಚಿತವಾಗಿಯೇ ಇದೆ. ಕೇಂದ್ರದ ಮಂಡಲಿಯು 1975ರಲ್ಲಿ ಕೇಂದ್ರೀಯ ಸೈನಿಕ ಬೋರ್ಡ್ ಎಂಬ ಇಂದಿನ ಹೆಸರನ್ನು ಪಡೆಯಿತು.

ಇಷ್ಟೆಲ್ಲ ಸಂಸ್ಥೆಗಳ ಕೊನೆಯ ತುದಿಯಲ್ಲಿ ಇರುವವನು ಕಲ್ಯಾಣ ಸಂಘಟಕ. ಜಿಲ್ಲಾಧಿಕಾರಿಗಳು ಅಧ್ಯಕ್ಷರು, ನಿವೃತ್ತ ಸೇನಾಧಿಕಾರಿಯೊಬ್ಬರು ಕಾರ್ಯದರ್ಶಿ. ಅವರ ಕೆಳಗೆ, ಸಾಮಾನ್ಯವಾಗಿ ಸುಬೇದಾರನೋ ಹವಾಲ್ದಾರನೋ ಆಗಿದ್ದು ಬಂದ ಈತನು ತಾಲ್ಲೂಕು ತಾಲ್ಲೂಕು ಸುತ್ತುತ್ತಾನೆ. ಅವನ ಕೆಲಸದ ಬಹುಭಾಗವು ಹೆಸರುಗಳನ್ನು ಸರಿಪಡಿಸುವುದು. ಇದು ಸಣ್ಣ ಕೆಲಸವೆಂದು ತೋರಬಹುದು. ಹುಡುಗನೊಬ್ಬನು ಹದಿನೆಂಟನೆಯ ವಯಸ್ಸಿನಲ್ಲಿ ಸೇನೆಗೆ ಸೇರುವಾಗ ದೂರದ ಊರಿನ ಗುಮಾಸ್ತನು ಕಿವಿಗೆ ಬಿದ್ದಂತೆ ಅವನ ಹೆಸರನ್ನೂ ತಂದೆಯ ಹೆಸರನ್ನೂ ಬರೆದುಕೊಂಡಿರುತ್ತಾನೆ. ಮದುವೆಯಾದಾಗ ಹೆಂಡತಿಯ ಹೆಸರನ್ನು ದಾಖಲೆಯಲ್ಲಿ ಸೇರಿಸಲು ಪಾರ್ಟ್ ಟು ಆರ್ಡರ್ ಎಂಬ ಸೇನಾ ಆದೇಶವು ಹೊರಡಬೇಕು, ರಜೆ ಮುಗಿಸಿ ಅವಸರದಲ್ಲಿ ಹೋದವನು ಅದನ್ನು ಮರೆತಿರುತ್ತಾನೆ. ತವರಿನಲ್ಲಿ ಗಂಗವ್ವನಾಗಿದ್ದವಳು ರೇಷನ್ ಕಾರ್ಡಿನಲ್ಲಿ ಗಂಗಮ್ಮ, ಬ್ಯಾಂಕಿನ ಪುಸ್ತಕದಲ್ಲಿ ಗಂಗಾಬಾಯಿ. ಹುಟ್ಟಿದ ತಾರೀಖು ಯಾವ ಕಾಗದದಲ್ಲಿಯೂ ಒಂದೇ ಆಗಿರುವುದಿಲ್ಲ. ಗಂಡನು ತೀರಿಕೊಂಡ ದಿನದವರೆಗೆ ಇವುಗಳಲ್ಲಿ ಯಾವುದೂ ಯಾರಿಗೂ ತೊಂದರೆ ಕೊಟ್ಟಿರುವುದಿಲ್ಲ. ಮರುದಿನದಿಂದ ಇವೆಲ್ಲವೂ ಒಟ್ಟಿಗೆ ಎದುರು ನಿಲ್ಲುತ್ತವೆ. ಆಗ ಪ್ರಮಾಣಪತ್ರ, ಪಂಚಾಯತಿಯ ದೃಢೀಕರಣ, ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಪತ್ರ, ಪ್ರಯಾಗರಾಜದ ಪಿಂಚಣಿ ಲೆಕ್ಕದ ಕಚೇರಿಗೆ ಪತ್ರ, ಬಂದ ಆಕ್ಷೇಪಣೆಗೆ ಉತ್ತರ, ಉತ್ತರಕ್ಕೆ ಬಂದ ಮರು ಆಕ್ಷೇಪಣೆಗೆ ಮತ್ತೊಂದು ಉತ್ತರ ಎಂದು ಆ ಸಂಘಟಕನು ಬರೆಯುತ್ತ ಹೋಗಬೇಕು. ಆ ಅವಧಿಯಲ್ಲಿ ಮನೆಯ ಅಡಿಗೆ ಹೇಗೆ ನಡೆಯುತ್ತಿದೆಯೆಂಬುದನ್ನು ವಿಚಾರಿಸುವವನೂ ಹೆಚ್ಚಾಗಿ ಅವನೇ.

ಕಾಗದಕ್ಕಿಂತ ಕಠಿನವಾದುದು ಮನೆಯೊಳಗಣ ವ್ಯಾಜ್ಯ. 1971ರ ಯುದ್ಧದ ಬಳಿಕ, 1972ರಲ್ಲಿ, ಯುದ್ಧದಲ್ಲಿ ಮಡಿದವರ ಕುಟುಂಬಗಳಿಗೆ ಉದಾರವಾದ ಪಿಂಚಣಿಯ ನಿಯಮವು ಬಂದಿತು. ಹಣದ ಮೊತ್ತವು ಹಿಂದಿಗಿಂತ ಬಹಳ ಹೆಚ್ಚು. ಮಗನನ್ನು ಕಳೆದುಕೊಂಡ ತಾಯಿತಂದೆಯರಿಗೂ, ಇಪ್ಪತ್ತರ ಆಸುಪಾಸಿನಲ್ಲಿ ಗಂಡನನ್ನು ಕಳೆದುಕೊಂಡ ಸೊಸೆಗೂ ನಡುವೆ ಈ ಹಣವು ಗೋಡೆಯಾಗಿ ನಿಲ್ಲುವುದುಂಟು. ಅವಳು ಮರುಮದುವೆಯಾದರೆ ಪಿಂಚಣಿ ನಿಲ್ಲುವುದು, ಮೈದುನನನ್ನು ಮದುವೆಯಾದರೆ ಮಾತ್ರ ಉಳಿಯುವುದು ಎಂಬ ನಿಯಮವು ದೀರ್ಘಕಾಲ ನಡೆಯಿತು. ಈ ನಿಯಮವನ್ನು ಬರೆದವರು ವಂಶದ ಹಣ ವಂಶದಲ್ಲಿಯೇ ಇರಲೆಂಬ ಹಳೆಯ ನ್ಯಾಯವನ್ನು ಅನುಸರಿಸಿದರು; ಅದು ಎಷ್ಟು ಹೆಣ್ಣುಮಕ್ಕಳನ್ನು ಒಲ್ಲದ ಮದುವೆಗೆ ನೂಕಿತೋ, ಎಷ್ಟು ಮಂದಿಯನ್ನು ಹಣಕ್ಕಾಗಿ ಒಂಟಿಯಾಗಿ ಉಳಿಸಿತೋ ಎಣಿಸಿದವರಿಲ್ಲ. ನಿಯಮಗಳು ಕ್ರಮೇಣ ಸಡಿಲಗೊಂಡವು. ಶೌರ್ಯಪ್ರಶಸ್ತಿಯ ಮಾಸಿಕ ಗೌರವಧನಕ್ಕೆ ಅಂಟಿಕೊಂಡಿದ್ದ ಮೈದುನನ ಷರತ್ತು ಬಿದ್ದುಹೋದುದು 2017ರ ನವೆಂಬರಿನಲ್ಲಿ. ಇಂಥ ಮನೆಗೆ ಹೋಗಿ, ಅತ್ತೆಯ ಮಾತನ್ನೂ ಸೊಸೆಯ ಮಾತನ್ನೂ ಬೇರೆ ಬೇರೆಯಾಗಿ ಕೇಳಿ, ಇಬ್ಬರಿಗೂ ಯಾವುದು ಹಕ್ಕು ಯಾವುದು ಅಲ್ಲವೆಂದು ತಿಳಿಯಹೇಳಿ, ಹಣವು ಬಂದ ಮೇಲೆಯೂ ಆ ಮುದುಕಿಗೆ ಅನ್ನವಿದೆಯೆಂಬುದನ್ನು ನೋಡಿ ಬರುವುದು ಯಾವ ಸುತ್ತೋಲೆಯಲ್ಲಿಯೂ ಬರೆದಿಲ್ಲದ ಕರ್ತವ್ಯ. ಅದನ್ನು ಮಾಡುವವರಿದ್ದಾರೆ. ಅವರಿಗೆ ಪದಕವಿಲ್ಲ.

ಖಡಕಿಯ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರದ ವಿಷಯವನ್ನು ಇಲ್ಲಿ ಹೇಳದೆ ಬಿಡಲಾರೆ. 1974ರಲ್ಲಿ ಆರಂಭವಾದ ಇದು, ಬೆನ್ನುಹುರಿಗೆ ಪೆಟ್ಟುಬಿದ್ದು ಸೊಂಟದಿಂದಲೋ ಕತ್ತಿನಿಂದಲೋ ಕೆಳಗೆ ಚಲನೆಯಿಲ್ಲದಂತಾದ ಸೈನಿಕರ ನಿವಾಸ. ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ ಬಂದವರು ಉಳಿದ ಆಯುಷ್ಯವನ್ನೆಲ್ಲ ಇಲ್ಲಿಯೇ ಕಳೆಯುವುದುಂಟು. ಕೈಯಾಡದವರಲ್ಲಿ ಬಾಯಿಯಿಂದ ಕುಂಚ ಹಿಡಿದು ಚಿತ್ರ ಬರೆಯಲು ಕಲಿತವರಿದ್ದಾರೆ. ಗಾಲಿಕುರ್ಚಿಯ ಆಟಗಳಲ್ಲಿ ಪದಕ ಗಳಿಸಿದವರಿದ್ದಾರೆ. ಇವರನ್ನು ಹಾಸಿಗೆಹುಣ್ಣು ಬಾರದಂತೆ ರಾತ್ರಿಯಲ್ಲಿ ಗಂಟೆಗಂಟೆಗೂ ಮಗ್ಗುಲು ಹೊರಳಿಸುವ ಪರಿಚಾರಕರ ಶ್ರಮವು ಚಿತ್ರದಲ್ಲಿಯೂ ಕಾಣುವುದಿಲ್ಲ, ಪದಕದಲ್ಲಿಯೂ ಕಾಣುವುದಿಲ್ಲ.

ಈಚಿನ ವರ್ಷಗಳಲ್ಲಿ ವ್ಯವಸ್ಥೆಯ ರೂಪವು ಬದಲಾಗಿದೆ. 2003ರಿಂದ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಪಾಲಿಕ್ಲಿನಿಕ್ಕುಗಳು ಬಂದು ವೃದ್ಧರಿಗೆ ದೊಡ್ಡ ಆಸರೆಯಾದವು. ಖಜಾನೆಯಿಂದಲೂ ಬ್ಯಾಂಕಿನಿಂದಲೂ ಬರುತ್ತಿದ್ದ ಪಿಂಚಣಿಯು ಈಗ ಸ್ಪರ್ಶ್ ಎಂಬ ಗಣಕ ವ್ಯವಸ್ಥೆಯ ಮೂಲಕ ನೇರವಾಗಿ ಖಾತೆಗೆ ಸೇರುತ್ತದೆ. ನಡುವೆ ಯಾರ ಕೈಯೂ ಇಲ್ಲದಿರುವುದು ಲಂಚಕ್ಕೂ ವಿಳಂಬಕ್ಕೂ ಔಷಧವೆಂಬುದು ನಿಜವೇ. ಆದರೆ ವರ್ಷಕ್ಕೊಮ್ಮೆ ತಾನು ಬದುಕಿರುವೆನೆಂಬ ಜೀವಿತ ಪ್ರಮಾಣವನ್ನು ವೃದ್ಧೆಯು ಯಂತ್ರದ ಮುಂದೆ ಒಪ್ಪಿಸಬೇಕು. ಹೊಲದ ಕೆಲಸದಲ್ಲಿ ಸವೆದ ಹೆಬ್ಬೆರಳನ್ನು ಯಂತ್ರವು ಗುರುತಿಸದಿದ್ದಲ್ಲಿ, ಮೊಬೈಲಿಗೆ ಬಂದ ಸಂಖ್ಯೆಯನ್ನು ಓದಲು ಮೊಮ್ಮಗನು ಊರಿನಲ್ಲಿಲ್ಲದಿದ್ದಲ್ಲಿ, ಅವಳ ಹಣವು ನಿಲ್ಲುತ್ತದೆ. ಆಗ ಮತ್ತೆ ನೆನಪಾಗುವುದು ಜಿಲ್ಲಾ ಕಚೇರಿ.

ಆ ಕಚೇರಿಗೆ ಇಂದು ಅತ್ಯವಶ್ಯವಾಗಿ ಬೇಕಾದುದು ತಿಳಿಗನ್ನಡದ ಕಾಗದಗಳು. ರೆಕಾರ್ಡ್ ಆಫೀಸುಗಳಿಂದ ಬರುವ ಪತ್ರಗಳು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಇರುತ್ತವೆ. ಅವುಗಳಲ್ಲಿ ಏನಿದೆಯೆಂದು ತಿಳಿಯಲು ಬಾಗಲಕೋಟೆಯ ಹಳ್ಳಿಯ ತಾಯಿಯೊಬ್ಬಳು ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾಗಿ ಬರುವುದು ನ್ಯಾಯವಲ್ಲ. ಗಂಡನು ಸೇವೆಯಲ್ಲಿರುವಾಗಲೇ ಮನೆಯಾಕೆ ಯಾವ ಯಾವ ದಾಖಲೆಗಳಲ್ಲಿ ತನ್ನ ಹೆಸರನ್ನು ಪರೀಕ್ಷಿಸಿಕೊಳ್ಳಬೇಕು, ಅವನಿಗೆ ಅಪಘಾತವಾದಾಗ ಯಾರಿಗೆ ಬರೆಯಬೇಕು, ಯಾವ ಸಹಾಯಕ್ಕೆ ಎಷ್ಟು ದಿನಗಳೊಳಗೆ ಅರ್ಜಿ ಹಾಕಬೇಕು ಎಂಬಿಷ್ಟನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚುಮಾಡಿಸಿ, ಸೇನೆಗೆ ಮಕ್ಕಳನ್ನು ಕಳುಹಿಸಿದ ಪ್ರತಿಯೊಂದು ಊರಿನ ಪಂಚಾಯತಿಯಲ್ಲಿ ಇಡುವುದಕ್ಕೆ ಹೆಚ್ಚಿನ ವೆಚ್ಚವಾಗಲಾರದು. ಸಂಘಟಕರು ತಮ್ಮ ಅನುಭವದಿಂದ ಇದನ್ನು ಬರೆದುಕೊಡಬಲ್ಲರು. ಬರೆಯಿಸಿಕೊಳ್ಳುವ ಕೆಲಸವನ್ನು ಇಲಾಖೆಯು ಬರುವ ಧ್ವಜದಿನದೊಳಗೆ ಕೈಗೊಳ್ಳಲಿ.